ಕಾಲಿನ ಮೇಲಿನ ಜೇಡರಬಲೆ: ಉಬ್ಬಿದ ರಕ್ತನಾಳಗಳ ಬಗ್ಗೆ ತಿಳಿಯೋಣ

ಸ್ವಸಹಾಯ ಸಂಘದ ಸಭೆಗೆ ಆರೋಗ್ಯ ಪಾಠ



ಸಂಘದ ಸಭೆ ಮುಗಿದು, ಲೆಕ್ಕದ ಪುಸ್ತಕ ಮುಚ್ಚಿ, ಎಲ್ಲರೂ ಏಳುವ ಹೊತ್ತಿಗೆ ಒಂದು ಮಾತು ಪ್ರತಿ ಊರಿನಲ್ಲೂ ಕೇಳಿಬರುತ್ತದೆ. "ಕಾಲು ಭಾಳ ಹರೀತಾವ್ರೀ ಅಕ್ಕಾ, ರಾತ್ರಿ ನಿದ್ದಿ ಇಲ್ಲ." ಒಬ್ಬರು ಹೇಳಿದರೆ ಸಾಕು, ಇನ್ನು ನಾಲ್ಕು ಜನ "ನಂದೂ ಅದೇ ಕಥಿ" ಅನ್ನುತ್ತಾರೆ. ಆದರೆ ಸೀರೆ ಒಂದು ಗೇಣು ಮೇಲೆತ್ತಿ ಕಾಲು ತೋರಿಸಿ ಅಂದರೆ ಯಾರೂ ತೋರಿಸುವುದಿಲ್ಲ. ನಾಚಿಕೆ. ಈ ಪಾಠ ಆ ನಾಚಿಕೆಯ ಕೆಳಗೆ ಮುಚ್ಚಿಕೊಂಡಿರುವ ಕಾಯಿಲೆಯ ಬಗ್ಗೆ.

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ನಮ್ಮ ಸಂಘವೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕ ಒಬ್ಬರಿದ್ದರು. ಒಳ್ಳೆಯ ಸದಸ್ಯೆ, ಉಳಿತಾಯ ಒಂದು ವಾರವೂ ತಪ್ಪಿಸಿದವರಲ್ಲ. ಆಮೇಲಾಮೇಲೆ ಸಭೆಗೆ ಬರುವುದು ಕಡಿಮೆಯಾಯಿತು, ಸಾಲದ ಕಂತು ನಿಂತಿತು. "ಕಾಲು ನೋವು ಅಂತ ನೆಪ ಹೇಳ್ತಾಳೆ" ಎಂದು ಗುಂಪಿನಲ್ಲಿ ಮಾತಾಯಿತು. ನಾವೂ ಪುಸ್ತಕದಲ್ಲಿ "ಕಂತು ಬಾಕಿ" ಎಂದು ಬರೆದು ಸುಮ್ಮನಾದೆವು. ಮನೆಗೆ ಹೋಗಿ ನೋಡಿದ್ದು ಎಂಟು ತಿಂಗಳ ಮೇಲೆ. ಕಾಲಿನ ಒಳಗಡೆ, ಹಿಮ್ಮಡಿ ಗಂಟಿನ ಮೇಲೆ, ಅಂಗೈಯಗಲದ ಹುಣ್ಣು. ಸುತ್ತಲಿನ ಚರ್ಮ ಸುಟ್ಟ ಹಾಗೆ ಕಪ್ಪು. ಮೀನಖಂಡದ ಮೇಲೆ ಹಗ್ಗದಂತೆ ಸುರುಳಿ ಸುತ್ತಿದ ನರ. ಅರಿಶಿನ, ಬೇವಿನೆಣ್ಣೆ, ತಂಬಾಕಿನ ಪುಡಿ, ಊರಲ್ಲಿ ಕೊಡುವ "ನರದ ಇಂಜೆಕ್ಷನ್" ಎಲ್ಲಾ ಆಗಿತ್ತು. ಹುಣ್ಣು ಮಾತ್ರ ಮಾಯ್ದಿರಲಿಲ್ಲ.

ಆ ಅಕ್ಕನ ಕಾಲು ಈಗ ವಾಸಿಯಾಗಿದೆ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇವೆ. ಮೊದಲು ಕಾಯಿಲೆ ತಿಳಿಯೋಣ.

ನರ ಅಂದರೆ ಯಾವುದು?

ನಮ್ಮ ಕಡೆ ಕಾಲಿನ ಮೇಲೆ ನೀಲಿ ಗೆರೆ ಕಂಡರೆ "ನರ ಉಬ್ಬಿದೆ" ಅನ್ನುತ್ತೇವೆ. ಕೈಕಾಲು ಜೋಮು ಹಿಡಿದರೂ "ನರದ ತೊಂದರೆ" ಅನ್ನುತ್ತೇವೆ. ಒಂದೇ ಮಾತು, ಎರಡು ಬೇರೆ ವಸ್ತು. ಮೆದುಳಿನಿಂದ ಸುದ್ದಿ ಒಯ್ಯುವ ದಾರದಂಥದ್ದು ನಿಜವಾದ ನರ. ಅದು ಚರ್ಮದ ಮೇಲೆ ನೀಲಿಯಾಗಿ ಕಾಣುವುದಿಲ್ಲ. ನೀಲಿಯಾಗಿ ಕಾಣುವುದು ರಕ್ತನಾಳ. ಅದರಲ್ಲೂ ಕೆಟ್ಟ ರಕ್ತವನ್ನು ಕಾಲಿನಿಂದ ಹೃದಯಕ್ಕೆ ಹಿಂತಿರುಗಿಸುವ ನಾಳ. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಅಭಿಧಮನಿ ಎಂಬ ಹೆಸರಿದೆ.

ಇದು ಬರೀ ಮಾತಿನ ವ್ಯತ್ಯಾಸವಲ್ಲ. ರಕ್ತನಾಳದ ಕಾಯಿಲೆಗೆ "ನರದೌರ್ಬಲ್ಯ"ದ ಗುಳಿಗೆ, ಟಾನಿಕ್ಕು, ಇಂಜೆಕ್ಷನ್ನು ತೆಗೆದುಕೊಂಡರೆ ದುಡ್ಡು ಹೋಗುತ್ತದೆ, ಕಾಯಿಲೆ ಉಳಿಯುತ್ತದೆ. ವೈದ್ಯರ ಹತ್ತಿರ ಹೋದಾಗ "ನರ" ಅನ್ನುವುದರ ಜೊತೆಗೆ ಕಾಲನ್ನೇ ತೋರಿಸಿ.

ಮಾಡಿ ನೋಡೋಣ

ಎಲ್ಲರೂ ಒಂದು ಕೈಯನ್ನು ಕೆಳಗೆ ಇಳಿಬಿಡಿ. ಒಂದು ನಿಮಿಷ ಹಾಗೇ ಇರಲಿ. ಮುಂಗೈ ಮೇಲಿನ ನಾಳಗಳು ಉಬ್ಬಿ ಎದ್ದು ಕಾಣುತ್ತವೆ. ಈಗ ಅದೇ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ನಾಳಗಳು ಇಳಿದುಹೋಗುತ್ತವೆ. ರಕ್ತವೂ ನೀರಿನ ಹಾಗೆ ಕೆಳಕ್ಕೆ ಜಗ್ಗುತ್ತದೆ. ನಾವು ನಿಂತಷ್ಟು ಹೊತ್ತೂ ಪಾದದಿಂದ ಎದೆಯವರೆಗೆ ಅದನ್ನು ಮೇಲಕ್ಕೆ ಏರಿಸಬೇಕು. ಯಾರು ಏರಿಸುತ್ತಾರೆ?

ಊರಿನ ಬೋರಿಂಗನ್ನು ನೆನಪು ಮಾಡಿಕೊಳ್ಳಿ. ಹಿಡಿಕೆ ಒತ್ತಿದಾಗ ನೀರು ಮೇಲೇರುತ್ತದೆ. ಒತ್ತುವುದು ಬಿಟ್ಟಾಗ ಏರಿದ ನೀರು ಇಳಿಯದಂತೆ ಒಳಗಿನ ವಾಲ್ವ್ ಹಿಡಿದುಕೊಳ್ಳುತ್ತದೆ. ನಮ್ಮ ಕಾಲಿನಲ್ಲೂ ಹಾಗೆಯೇ. ನಡೆದಾಗ ಮೀನಖಂಡದ ಮಾಂಸ ಬಿಗಿಯಾಗಿ ನಾಳಗಳನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಏರಿದ್ದು ಇಳಿಯದಂತೆ ನಾಳದೊಳಗೆ ಅಲ್ಲಲ್ಲಿ ಸಣ್ಣ ಕವಾಟಗಳಿವೆ. ಅದಕ್ಕೇ ಮೀನಖಂಡವನ್ನು ಎರಡನೇ ಹೃದಯ ಎನ್ನುತ್ತಾರೆ. ರಕ್ತ ದೇಹದಲ್ಲಿ ಸುತ್ತು ಹೊಡೆಯುತ್ತದೆ, ಈ ಕವಾಟಗಳು ಅದನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪುಸ್ತಕ ಬರೆದು ತೋರಿಸಿದ. ಅವನು ತೋರಿಸಿದ್ದೂ ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿಯೇ.

ಬೋರಿಂಗಿನ ವಾಸರ್ ಸವೆದರೆ ಏನಾಗುತ್ತದೆ? ಎಷ್ಟು ಒತ್ತಿದರೂ ನೀರು ಹಿಂದಕ್ಕೆ ಇಳಿಯುತ್ತದೆ. ಕಾಲಿನ ಕವಾಟ ಸಡಿಲವಾದರೂ ಹಾಗೇ. ರಕ್ತ ಕೆಳಗೇ ನಿಲ್ಲುತ್ತದೆ, ನಾಳದ ಗೋಡೆಯನ್ನು ತಳ್ಳುತ್ತದೆ, ನಾಳ ಹಿಗ್ಗುತ್ತದೆ.

ಮೂರು ಬಗೆ

1. ಜೇಡರಬಲೆ ಗೆರೆಗಳು. ಚರ್ಮದ ಮೇಲ್ಪದರದಲ್ಲೇ ಇರುವ, 1 ಮಿಲಿಮೀಟರಿಗಿಂತ ಸಣ್ಣ ನಾಳಗಳು. ಕೆಂಪು, ನೀಲಿ, ನೇರಳೆ ಬಣ್ಣ. ತೊಡೆ, ಮೊಣಕಾಲಿನ ಸುತ್ತ, ಪಾದದ ಗಂಟಿನ ಹತ್ತಿರ ಬಲೆಯಂತೆ ಹರಡುತ್ತವೆ. ಕೈಗೆ ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಸ್ಪೈಡರ್ ವೇನ್ಸ್ ಎನ್ನುತ್ತಾರೆ.

2. ಸ್ವಲ್ಪ ದಪ್ಪ ನೀಲಿ ಗೆರೆಗಳು. 1ರಿಂದ 3 ಮಿಲಿಮೀಟರ್. ಚರ್ಮದ ಸ್ವಲ್ಪ ಕೆಳಗೆ. ಎಷ್ಟೋ ಸಲ ಜೇಡರಬಲೆಗೆ ರಕ್ತ ಬರುವುದು ಇವುಗಳಿಂದಲೇ.

3. ಉಬ್ಬಿದ ನಾಳಗಳು, ಅಂದರೆ ವೆರಿಕೋಸ್ ವೇನ್ಸ್. 3 ಮಿಲಿಮೀಟರಿಗಿಂತ ದಪ್ಪ. ನಿಂತಾಗ ಹಗ್ಗದಂತೆ, ಗಂಟಿನಂತೆ ಎದ್ದು ನಿಲ್ಲುತ್ತವೆ. ಕೈಗೆ ಸಿಗುತ್ತವೆ. ಮಲಗಿ ಕಾಲೆತ್ತಿದರೆ ಇಳಿಯುತ್ತವೆ.

ಮೊದಲನೆಯದು ಬರೀ ಜೇಡರಬಲೆಯಾಗಿದ್ದರೆ ಹೆದರಬೇಕಾಗಿಲ್ಲ. ಸಾಮಾನ್ಯವಾಗಿ ಅದು ಪ್ರಾಣಕ್ಕೆ, ಕೆಲಸಕ್ಕೆ ತೊಂದರೆ ಕೊಡುವುದಿಲ್ಲ. ಕೆಲವರಿಗೆ ಸಣ್ಣ ಉರಿ, ತುರಿಕೆ, ಭಾರ ಇರಬಹುದು. ಆದರೆ ಜೇಡರಬಲೆಯ ಜೊತೆಗೆ ಸಂಜೆ ಕಾಲು ಬಾವು, ಚರ್ಮ ಕಪ್ಪಾಗುವುದು, ದಪ್ಪ ನಾಳ ಇವೆಲ್ಲ ಇದ್ದರೆ ಒಳಗಿನ ದೊಡ್ಡ ನಾಳದ ಕವಾಟ ಕೆಟ್ಟಿದೆ ಎಂಬ ಗುಮಾನಿ ಇಟ್ಟುಕೊಳ್ಳಬೇಕು.

ಒಂದು ಮಾತು ಬೇರೆ ನೆನಪಿಡಿ. ಮುಖ, ಕತ್ತು, ಎದೆಯ ಮೇಲೆ ನಡುವೆ ಕೆಂಪು ಚುಕ್ಕಿ, ಸುತ್ತ ಜೇಡದ ಕಾಲಿನಂಥ ಗೆರೆ ಕಾಣಿಸಿಕೊಂಡರೆ ಅದು ಕಾಲಿನ ಕಾಯಿಲೆಯಲ್ಲ. ಗರ್ಭಿಣಿಯರಲ್ಲಿ ಹೀಗೆ ಬಂದು ಹೋಗುವುದುಂಟು. ಆದರೆ ಬಹಳ ಚುಕ್ಕಿಗಳು ಬಂದರೆ, ಅದರಲ್ಲೂ ಕುಡಿಯುವ ಗಂಡಸರಿಗೆ ಬಂದರೆ, ಯಕೃತ್ತಿನ ತೊಂದರೆಯ ಸೂಚನೆ ಇರಬಹುದು. ವೈದ್ಯರಿಗೆ ತೋರಿಸಲೇಬೇಕು.

ಯಾಕೆ ಬರುತ್ತದೆ?

ಬಾಗಳಿಯ ಕಲ್ಲೇಶ್ವರ ಗುಡಿಯ ಕಂಬಗಳು ಸಾವಿರ ವರ್ಷದಿಂದ ನಿಂತೇ ಇವೆ. ಅವಕ್ಕೆ ಕಾಲು ನೋವಿಲ್ಲ. ನಮ್ಮ ಕಾಲು ಕಲ್ಲಿನವಲ್ಲ. ಆದರೆ ನಮ್ಮಿಂದ ಕೆಲಸ ತೆಗೆಯುವವರು, ಕೆಲವೊಮ್ಮೆ ನಾವೇ, ಕಲ್ಲಿನವು ಎಂದು ತಿಳಿದಂತೆ ನಡೆದುಕೊಳ್ಳುತ್ತೇವೆ.

ಮನೆತನ: ತಾಯಿಗೆ, ತಂದೆಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಇದು ಎಲ್ಲಕ್ಕಿಂತ ದೊಡ್ಡ ಕಾರಣಗಳಲ್ಲಿ ಒಂದು. ಯಾರ ಪಾಪವೂ ಅಲ್ಲ, ಯಾರ ದೃಷ್ಟಿಯೂ ಅಲ್ಲ.

ಬಸಿರು: ಹೊಟ್ಟೆಯಲ್ಲಿ ಕೂಸಿದ್ದಾಗ ದೇಹದಲ್ಲಿ ರಕ್ತ ಹೆಚ್ಚುತ್ತದೆ, ಹಾರ್ಮೋನಿನಿಂದ ನಾಳದ ಗೋಡೆ ಸಡಿಲವಾಗುತ್ತದೆ, ಬೆಳೆಯುವ ಗರ್ಭಕೋಶ ಮೇಲಿನ ದೊಡ್ಡ ನಾಳವನ್ನು ಒತ್ತುತ್ತದೆ. ಅದಕ್ಕೇ ಗಂಡಸರಿಗಿಂತ ಹೆಂಗಸರಲ್ಲಿ ಜೇಡರಬಲೆ ಹೆಚ್ಚು. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹಳಷ್ಟು ಇಳಿಯುತ್ತವೆ. ಹೆರಿಗೆ ಹೆಚ್ಚಿದಂತೆ ಉಳಿದುಕೊಳ್ಳುವುದೂ ಹೆಚ್ಚು.

ನಿಂತೇ ಮಾಡುವ ಕೆಲಸ: ಬಿಸಿಯೂಟದ ಒಲೆಯ ಮುಂದೆ ನಿಲ್ಲುವವರು, ಹೋಟೆಲ್ಲಿನಲ್ಲಿ ರೊಟ್ಟಿ ಬಡಿಯುವವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಅಂಗಡಿಯಲ್ಲಿ ನಿಲ್ಲುವವರು, ಶಾಲೆಯ ಟೀಚರು. ನಡೆದರೆ ಮೀನಖಂಡ ಪಂಪು ಹೊಡೆಯುತ್ತದೆ. ಒಂದೇ ಕಡೆ ನಿಂತರೆ ಪಂಪು ನಿಲ್ಲುತ್ತದೆ. ದಿನವಿಡೀ ಕಾಲು ಇಳಿಬಿಟ್ಟು ಕುಂತು ಹೊಲಿಗೆ ಹೊಲಿಯುವವರಿಗೂ ಇದೇ ಮಾತು.

ಉಳಿದವು: ವಯಸ್ಸು, ಮೈ ತೂಕ, ಕಾಲಿಗೆ ಹಿಂದೆ ಬಿದ್ದ ಪೆಟ್ಟು, ಹಿಂದೊಮ್ಮೆ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು.

ಬಡವರಿಗೆ, ಹಳ್ಳಿಯವರಿಗೆ ಮಾತ್ರ ಬರುವ ಕಾಯಿಲೆ ಎಂದು ತಿಳಿಯಬೇಡಿ. 2025ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಕಾಲು ಬಾತುಕೊಂಡಾಗ ಅವರ ವೈದ್ಯರು ಕಂಡುಹಿಡಿದಿದ್ದೂ ಇದೇ, ಕಾಲಿನ ರಕ್ತನಾಳಗಳು ರಕ್ತವನ್ನು ಸರಿಯಾಗಿ ಮೇಲೇರಿಸುತ್ತಿಲ್ಲ ಎಂಬುದನ್ನು. ವ್ಯತ್ಯಾಸ ಇಷ್ಟೇ: ಅವರ ಕಾಲನ್ನು ಕೂಡಲೇ ಸ್ಕ್ಯಾನಿಂಗ್ ಮಾಡಿದರು. ನಮ್ಮ ಅಕ್ಕ ಎಂಟು ತಿಂಗಳು ಕಾದರು.

ಬಿಟ್ಟರೆ ಏನಾಗುತ್ತದೆ?

ದಪ್ಪ ನಾಳದ ಕಾಯಿಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲು ಸಂಜೆಯ ಭಾರ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ಆಮೇಲೆ ಪಾದದ ಗಂಟಿನ ಸುತ್ತ ಬಾವು. ಕಾಲುಂಗುರ, ಕಾಲುಚೈನು ಬಿಗಿಯಾಗುವುದು. ಆಮೇಲೆ ತುರಿಕೆ, ಚರ್ಮ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುವುದು. ಕೊನೆಗೆ ಸಣ್ಣ ಗೀರು ಬಿದ್ದರೂ ಮಾಯದ ಹುಣ್ಣು. ಎಲ್ಲರೂ ಕೊನೆಯ ಮೆಟ್ಟಿಲಿಗೆ ಹೋಗುವುದಿಲ್ಲ. ಆದರೆ ಚರ್ಮದ ಬಣ್ಣ ಬದಲಾದಾಗಲೇ ವೈದ್ಯರ ಹತ್ತಿರ ಹೋದರೆ ಹುಣ್ಣನ್ನು ತಡೆಯಬಹುದು.

ಕಾಲು ಬಾವಿಗೆ ಬೇರೆ ಕಾರಣಗಳೂ ಇವೆ. ಎರಡೂ ಕಾಲು ಒಟ್ಟಿಗೆ ಬಾತರೆ ಹೃದಯ, ಮೂತ್ರಪಿಂಡ, ರಕ್ತಹೀನತೆ ನೋಡಿಸಬೇಕು. ಬಿಪಿಯ ಕೆಲವು ಗುಳಿಗೆಗಳಿಂದಲೂ ಪಾದ ಬಾಯುತ್ತದೆ. ಹಾಗಂತ ಗುಳಿಗೆ ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಬಸುರಿಗೆ ಮುಖ, ಕೈ ಬಾತು, ತಲೆನೋವು, ಕಣ್ಣು ಮಂಜಾದರೆ ಅವತ್ತೇ ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ಹೋಗಿ.

ತಡ ಮಾಡಬಾರದ ಲಕ್ಷಣಗಳು

- ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಬಿಸಿಯಾಗಿ, ಮೀನಖಂಡ ನೋಯುವುದು. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ಮಾಲೀಸು ಮಾಡಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಬಾಣಂತಿಯರು, ಆಪರೇಷನ್ ಆದವರು, ಬಹಳ ದಿನ ಹಾಸಿಗೆ ಹಿಡಿದವರು ಹೆಚ್ಚು ಎಚ್ಚರದಿಂದಿರಬೇಕು.

- ಅದರ ಜೊತೆಗೆ ಉಸಿರು ಕಟ್ಟುವುದು, ಎದೆ ನೋವು, ಕೆಮ್ಮಿದರೆ ರಕ್ತ ಬರುವುದು. ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ.

- ಉಬ್ಬಿದ ನಾಳ ಒಡೆದು ರಕ್ತ ಸುರಿಯುವುದು. ನೋಡಿದವರು ಗಾಬರಿಯಾಗುತ್ತಾರೆ, ನಿಂತಲ್ಲೇ ನಿಲ್ಲಿಸುತ್ತಾರೆ. ಅದು ತಪ್ಪು. ಕೂಡಲೇ ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಒಗೆದ ಬಟ್ಟೆಯಿಂದ ಗಾಯದ ಮೇಲೆಯೇ ಗಟ್ಟಿಯಾಗಿ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಗಾಯದ ಮೇಲ್ಗಡೆ ಹಗ್ಗದಿಂದ ಬಿಗಿಯಬೇಡಿ. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

- ಎರಡು ವಾರವಾದರೂ ಮಾಯದ ಕಾಲಿನ ಹುಣ್ಣು. ಸಕ್ಕರೆ ಕಾಯಿಲೆ ಇದ್ದರೆ ಎರಡು ವಾರವೂ ಕಾಯಬೇಡಿ.

ಮನೆಯಲ್ಲೇ ಮಾಡಬಹುದಾದದ್ದು

ಇದಕ್ಕೆ ದುಡ್ಡು ಬೇಡ, ಮನಸ್ಸು ಬೇಕು.

ನಿಂತು ಕೆಲಸ ಮಾಡುವಾಗ ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತು ಇಳಿಯಿರಿ, ಹದಿನೈದು ಇಪ್ಪತ್ತು ಸಲ. ಒಲೆ ಬಿಟ್ಟು ಹೋಗಬೇಕಾಗಿಲ್ಲ. ಕುಂತವರು ಹಿಮ್ಮಡಿ ನೆಲಕ್ಕೂರಿ ಪಾದವನ್ನು ಮೇಲೆ ಕೆಳಗೆ ಆಡಿಸಿ. ದಿನಕ್ಕೆ ಅರ್ಧ ಗಂಟೆ ಬೀಸಾಗಿ ನಡೆಯಿರಿ. ಹೊಲಕ್ಕೆ ನಡೆದು ಹೋಗುವುದೂ ಲೆಕ್ಕಕ್ಕೆ ಬರುತ್ತದೆ; ಹೊಲದಲ್ಲಿ ಬಗ್ಗಿ ಕಳೆ ತೆಗೆಯುವುದು ಬರುವುದಿಲ್ಲ.

ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಗೋಡೆಯ ಹತ್ತಿರ ಮಲಗಿ, ಮಡಿಚಿದ ಕೌದಿಯ ಮೇಲೆ ಕಾಲಿಟ್ಟು ಎದೆಗಿಂತ ಎತ್ತರದಲ್ಲಿ ಹದಿನೈದು ನಿಮಿಷ ಇರಿ. "ಸೊಸಿ ಕಾಲು ಮ್ಯಾಲೆ ಮಾಡಿ ಮಲಗ್ಯಾಳ" ಎಂದು ಅತ್ತೆ ಬೈದರೆ ಈ ಪಾಠವನ್ನು ಅತ್ತೆಗೂ ಓದಿ ಹೇಳಿ. ಅವರ ಕಾಲೂ ನೋಯುತ್ತಿರಬಹುದು.

ತೂಕ ಹೆಚ್ಚಿದ್ದರೆ ಇಳಿಸಿ. ಕಾಲು ಬಾತಾಗ ಬಿಗಿಯಾದ ಕಾಲುಂಗುರ, ಕಾಲುಚೈನು ತೆಗೆದಿಡಿ. ಒಣಗಿದ ಚರ್ಮಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಕೆರೆಯಬೇಡಿ. ಹುಣ್ಣಿನ ಮೇಲೆ ಸುಣ್ಣ, ತಂಬಾಕು, ಸಗಣಿ, ಬೂದಿ ಏನೂ ಹಚ್ಚಬೇಡಿ.

ಬಿಗಿ ಕಾಲುಚೀಲ

ವೈದ್ಯರು ಮೊದಲು ಹೇಳುವುದು ಸಾಮಾನ್ಯವಾಗಿ ಇದನ್ನೇ. ಪಾದದ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ ಬಿಗಿ ಇರುವ ವಿಶೇಷ ಕಾಲುಚೀಲ. ಹೊರಗಿನಿಂದ ನಾಳವನ್ನು ಹಿಡಿದು ರಕ್ತ ಮೇಲೇರಲು ನೆರವಾಗುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ, ಕಾಲು ಬಾಯುವ ಮುಂಚೆ ಹಾಕಿಕೊಳ್ಳಬೇಕು. ರಾತ್ರಿ ಮಲಗುವಾಗ ತೆಗೆಯಬೇಕು. ಸುಮಾರು ಆರು ತಿಂಗಳಿಗೆ ಅದರ ಬಿಗಿ ಕಡಿಮೆಯಾಗುತ್ತದೆ, ಆಗ ಬದಲಿಸಬೇಕು. ಕಾಲಿನ ಅಳತೆ ತೆಗೆಸದೆ ಅಂಗಡಿಯಲ್ಲಿ ಸುಮ್ಮನೆ ಕೊಳ್ಳಬೇಡಿ. ಕಾಲಿಗೆ ರಕ್ತ ತರುವ ನಾಳ ಕಟ್ಟಿಕೊಂಡವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬಿಗಿ ಚೀಲ ಅಪಾಯ ತರಬಹುದು. ವೈದ್ಯರು ಕಾಲಿನ ನಾಡಿ ನೋಡಿ ಹೇಳಿದ ಮೇಲೆಯೇ ಹಾಕಿ. ಇದು ನೋವು, ಬಾವು ಕಡಿಮೆ ಮಾಡುತ್ತದೆ. ಇರುವ ಗೆರೆಗಳನ್ನು ಅಳಿಸುವುದಿಲ್ಲ.

ಆಸ್ಪತ್ರೆಯ ಚಿಕಿತ್ಸೆ

ದಪ್ಪ ನಾಳವಿದ್ದರೆ ವೈದ್ಯರು ಡಾಪ್ಲರ್ ಸ್ಕ್ಯಾನಿಂಗ್ ಮಾಡಿಸುತ್ತಾರೆ. ಹೊಟ್ಟೆ ಸ್ಕ್ಯಾನಿಂಗ್ ಹಾಗೆಯೇ, ನೋವಿಲ್ಲ. ಯಾವ ಕವಾಟದಲ್ಲಿ ರಕ್ತ ಹಿಂದೆ ಇಳಿಯುತ್ತಿದೆ ಎಂದು ಅದರಲ್ಲಿ ಗೊತ್ತಾಗುತ್ತದೆ.

ಜೇಡರಬಲೆಗೆ: ಕೂದಲಿನಂಥ ಸೂಜಿಯಿಂದ ನಾಳದೊಳಗೇ ಔಷಧಿ ಬಿಡುತ್ತಾರೆ. ನಾಳದ ಒಳಗೋಡೆ ಅಂಟಿಕೊಂಡು ಮುಚ್ಚುತ್ತದೆ, ಕೆಲವು ವಾರಗಳಲ್ಲಿ ಗೆರೆ ಮಾಸುತ್ತದೆ. ಇದನ್ನು ಸ್ಕ್ಲೀರೋಥೆರಪಿ ಎನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ಬೇಕಾಗಬಹುದು. ಕೆಲವರಿಗೆ ಕೆಲವು ತಿಂಗಳು ಕಂದು ಕಲೆ ಉಳಿಯುತ್ತದೆ. ಬಸುರಿಯರಿಗೆ ಮಾಡುವುದಿಲ್ಲ. ಸಣ್ಣ ಗೆರೆಗಳಿಗೆ ಚರ್ಮದ ಮೇಲಿನಿಂದ ಲೇಸರ್ ಬೆಳಕು ಬಿಡುವುದೂ ಉಂಟು. ನೋವು, ಬಾವು ಇಲ್ಲದ ಜೇಡರಬಲೆಗೆ ಈ ಚಿಕಿತ್ಸೆ ಅಂದಕ್ಕಾಗಿ ಮಾತ್ರ. ಅದಕ್ಕಾಗಿ ಸಂಘದಿಂದ ಸಾಲ ಎತ್ತಬೇಡಿ. ಮುಂದೆ ಹೊಸ ಗೆರೆ ಬರುವುದಿಲ್ಲ ಎಂದು ಯಾರಾದರೂ ಖಾತ್ರಿ ಕೊಟ್ಟರೆ ನಂಬಬೇಡಿ.

ದಪ್ಪ ನಾಳಕ್ಕೆ: ಕೆಟ್ಟ ನಾಳದೊಳಗೆ ಸಣ್ಣ ಕೊಳವೆ ತೂರಿಸಿ ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ಮುಚ್ಚುವುದು, ಇಲ್ಲವೇ ಆಪರೇಷನ್ ಮಾಡಿ ಕಟ್ಟಿ ತೆಗೆಯುವುದು. "ನರ ತೆಗೆದರೆ ರಕ್ತ ಎಲ್ಲಿ ಹೋಗ್ತತಿ?" ಎಂದು ಎಲ್ಲರೂ ಕೇಳುತ್ತಾರೆ. ಕಾಲಿನ ಬಹುಪಾಲು ರಕ್ತ ಮೇಲೇರುವುದು ಒಳಗಿನ ಆಳದ ನಾಳಗಳಲ್ಲಿ. ಕೆಟ್ಟುಹೋದ ಮೇಲಿನ ನಾಳ ಮುಚ್ಚಿದರೆ ರಕ್ತ ಒಳ್ಳೆಯ ದಾರಿ ಹಿಡಿಯುತ್ತದೆ. ಆಳದ ನಾಳ ಸರಿಯಿದೆಯೇ ಎಂದು ಸ್ಕ್ಯಾನಿಂಗಿನಲ್ಲಿ ಮೊದಲೇ ನೋಡಿರುತ್ತಾರೆ.

ಎಲ್ಲಿ ಹೋಗಬೇಕು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಇದರಿಂದ "ನಮ್ಮ ಕಾರ್ಡು ಎಲ್ಲಿ ನಡೀತತಿ?" ಎಂಬ ಗೊಂದಲ ಹಲವರಿಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಜಿಲ್ಲೆಗೆ ಕಟ್ಟಿಹಾಕಿದ್ದಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ, ಜನ ವಿಮ್ಸ್ ಎಂದು ಕರೆಯುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಾಗಲಿ ಸರ್ಜನ್ ಇದ್ದಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಈ ಯೋಜನೆಯಲ್ಲಿ ಚಿಕಿತ್ಸೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸದೆ, ರೆಫರಲ್ ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ಕೈಯಿಂದ ಕೊಡಬೇಕಾಗಿ ಬರಬಹುದು. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಇರುತ್ತಾರೆ. ನಿಮಗೆ ಹೇಳಿದ ಚಿಕಿತ್ಸೆ ಕಾರ್ಡಿನಲ್ಲಿ ಬರುತ್ತದೆಯೇ ಎಂದು ಅವರನ್ನು ಮೊದಲೇ ಕೇಳಿ. ಆಧಾರ್, ರೇಷನ್ ಕಾರ್ಡು ಜೊತೆಗಿರಲಿ.

ಆ ಅಕ್ಕನ ಕಾಲು

ನಾವು ಮನೆಗೆ ಹೋದ ವಾರವೇ ಸಂಘದ ಇಬ್ಬರು ಸದಸ್ಯೆಯರು ಅವರ ಜೊತೆ ಆಸ್ಪತ್ರೆಗೆ ಹೋದರು. ಸ್ಕ್ಯಾನಿಂಗ್ ಆಯಿತು. ಹುಣ್ಣನ್ನು ಶುದ್ಧಮಾಡಿ ಪಾದದಿಂದ ಮೊಣಕಾಲಿನವರೆಗೆ ಬಿಗಿ ಪಟ್ಟಿ ಸುತ್ತಿದರು. ವಾರವಾರ ಪಟ್ಟಿ ಬದಲಿ. ಎಂಟು ತಿಂಗಳು ಮಾಯದ ಹುಣ್ಣು ಸಣ್ಣದಾಗತೊಡಗಿತು. ಆಮೇಲೆ ಕಾರ್ಡಿನಲ್ಲೇ ಆಪರೇಷನ್ ಆಯಿತು. ಈಗ ಅವರು ಮತ್ತೆ ಒಲೆಯ ಮುಂದೆ ಇದ್ದಾರೆ, ಪಕ್ಕದಲ್ಲಿ ಒಂದು ಸ್ಟೂಲು ಇದೆ. ಕಂತು ಕಟ್ಟುತ್ತಿದ್ದಾರೆ. ಮೊದಲ ಸಭೆಗೆ ಬಂದಾಗ ಹೇಳಿದ್ದು ಒಂದೇ ಮಾತು: "ಬಾಕಿ ಎಷ್ಟು ಅಂತ ಎಲ್ಲಾರೂ ಕೇಳಿದ್ರಿ. ಕಾಲು ಹೆಂಗೈತಿ ಅಂತ ಒಬ್ರೂ ಕೇಳಲಿಲ್ಲ." ನಮಗೆ ಉತ್ತರ ಕೊಡಲಾಗಲಿಲ್ಲ. ಈ ಪಾಠ ಬರೆದಿದ್ದು ಅದಕ್ಕೇ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ನಿಂತೇ ಕೆಲಸ ಮಾಡುವವರು ಯಾರು? ಅವರ ಪಕ್ಕದಲ್ಲಿ ಕೂರಲು ಏನಿದೆ?

2. ಕಾಲು ನೋವಿಗೆ ಕಳೆದ ಒಂದು ವರ್ಷದಲ್ಲಿ ನಾವು ಏನೇನು ಹಚ್ಚಿದೆವು, ಎಷ್ಟು ಖರ್ಚು ಮಾಡಿದೆವು? ಅದರಲ್ಲಿ ವೈದ್ಯರು ಕಾಲು ನೋಡಿ ಕೊಟ್ಟದ್ದು ಎಷ್ಟು?

3. ಯಾರಾದರೂ ಎರಡು ಸಭೆಗೆ ಬಾರದಿದ್ದರೆ ನಾವು ಮೊದಲು ಏನು ಮಾಡುತ್ತೇವೆ: ದಂಡ ಹಾಕುತ್ತೇವೋ, ಮನೆಗೆ ಹೋಗುತ್ತೇವೋ?

ಸಂಘದಲ್ಲಿ ಮಾಡಬಹುದಾದ ತೀರ್ಮಾನ

ಸಭೆ ಶುರುವಾಗುವ ಮೊದಲು ಎಲ್ಲರೂ ನಿಂತು ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸುವುದು. ತಿಂಗಳಿಗೊಮ್ಮೆ ಹೆಂಗಸರು ಮಾತ್ರ ಇರುವಾಗ ಒಬ್ಬರ ಕಾಲನ್ನು ಇನ್ನೊಬ್ಬರು ನೋಡುವುದು; ಕಪ್ಪಾದ ಚರ್ಮ, ಹುಣ್ಣು, ಒಂದೇ ಕಾಲಿನ ಬಾವು ಕಂಡರೆ ಜೊತೆಗೆ ಒಬ್ಬರು ಹೋಗಿ ಆಸ್ಪತ್ರೆಯಲ್ಲಿ ತೋರಿಸುವುದು. "ಕಂತು ಬಾಕಿ" ಎಂದು ಬರೆಯುವ ಮುನ್ನ ಆ ಮನೆಯ ಬಾಗಿಲು ತಟ್ಟುವುದು.

ಈ ಮೂರನ್ನು ತೀರ್ಮಾನ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿರಿ. ಮುಂದಿನ ಸಭೆಗೆ ಬಂದಾಗ ನಾವು ಉಳಿತಾಯದ ಲೆಕ್ಕದ ಜೊತೆಗೆ ಕಾಲಿನ ಲೆಕ್ಕವನ್ನೂ ಕೇಳುತ್ತೇವೆ.